ಕರಿಗಲ್ಲಜ್ಜಯ್ಯನ ಗದ್ದುಗೆ

ಹಿರೇಬನ್ನಿಹಟ್ಟಿಯ ಪಂಚಾಕ್ಷರಪ್ಪ ಹೋರಾಟಗಾರನಾದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ, ಅದೂ ಒಂದೇ ಮಧ್ಯಾಹ್ನದಲ್ಲಿ. ಅಲ್ಲಿಯ ತನಕ ಆತ ಬರೀ ಶೇಂಗಾ ವ್ಯಾಪಾರಿ. ಊರಿನ ಗಟಾರ ತುಂಬಿ ಹರಿದಾಗ ಸುಮ್ಮನಿದ್ದ, ಶಾಲೆಯ ಮಾಳಿಗೆ ಕುಸಿದಾಗ ಸುಮ್ಮನಿದ್ದ, ಕೇರಿಯ ಬೋರ್‌ವೆಲ್ ಕೆಟ್ಟು ಹೆಂಗಸರು ಎರಡು ತಿಂಗಳು ತಂಬ್ರಹಳ್ಳಿ ರಸ್ತೆಯ ತನಕ ಹೋಗಿ ಕೊಡ ಹೊತ್ತಾಗಲೂ ಸುಮ್ಮನಿದ್ದ. ಆದರೆ ಆ ಮಧ್ಯಾಹ್ನ ಗಾಳಿಯಂತ್ರದ ಕಂಪನಿಯ ಸರ್ವೆಯವನು ಹಂಪೇಶ್ ಬಂದು, ಡಾಂಬರು ರಸ್ತೆಗೆ ಹೊಂದಿಕೊಂಡ ಆತನ ಮೂರೆಕರೆ ಹೊಲದ ನಟ್ಟನಡುವೆ ಗೂಟ ಬಡಿದು, ಇಲ್ಲೊಂದು ಟವರು ಬರುತ್ತದೆ, ಹೈಟೆನ್ಷನ್ ಲೈನು ಹೀಗೆ ಹಾದು ಸಬ್‌ಸ್ಟೇಷನ್ನಿಗೆ ಹೋಗುತ್ತದೆ ಎಂದು ಕೈ ಚಾಚಿ ತೋರಿಸಿದ. ಸಂಜೆಯೊಳಗೆ ಪಂಚಾಕ್ಷರಪ್ಪ ಹೆಗಲಿಗೆ ಶಾಲು ಹಾಕಿಕೊಂಡು ಮೈಕು ಹಿಡಿದಿದ್ದ.

ಆ ಹೊಲವನ್ನು ಲೇಔಟ್ ಮಾಡಿ ಸೈಟು ಮಾರಬೇಕೆಂದು ಆತ ಎರಡು ವರ್ಷದಿಂದ ಹರಪನಹಳ್ಳಿಯ ಏಜೆಂಟ್ ಬಂಗಾರಪ್ಪನ ಬೆನ್ನು ಹತ್ತಿದ್ದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಎಲ್ಲರೂ ಜೈ ಅಂದರು. ಊರು ಅಂದರೆ ಹಾಗೇ. ಶಾಮಿಯಾನ ಹಾಕಿಸಿ ಮಂಡಕ್ಕಿ ಮಿರ್ಚಿ ಕೊಟ್ಟರೆ ಯಾರ ಮನೆಯ ಸಂಕಟವಾದರೂ ಊರ ಸಂಕಟವೇ ಆಗುತ್ತದೆ.

"ಹೈಟೆನ್ಷನ್ ಲೈನಿನ ಕೆಳಗ ಎಮ್ಮಿ ಗಬ್ಬ ನಿಲ್ಲಂಗಿಲ್ಲ! ಹೆಣ್ಮಕ್ಕಳ ಬಸಿರು ಇಳೀತಾವ! ತಲಿಕೂದ್ಲ ಉದುರ್ತಾವ!" ಎಂದು ಪಂಚಾಕ್ಷರಪ್ಪ ಮೈಕಿನಲ್ಲಿ ಕೂಗಿದ.

ಹಿಂದಿನ ಸಾಲಿನಲ್ಲಿ ಕೂತಿದ್ದ ಜೋಗಮ್ಮ ಆತನ ಬೋಳು ತಲೆಯನ್ನು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನೋಡಿದಳು. "ಈತನ ತಲಿ ಮ್ಯಾಲ ಯಾವ ಲೈನ್ ಹಾದು ಹೋಗಿತ್ತಂತ?" ಎಂದು ಪಕ್ಕದ ದ್ಯಾಮಕ್ಕನನ್ನು ಕೇಳಿದಳು. ದ್ಯಾಮಕ್ಕ ಬಾಯಿಗೆ ಸೆರಗು ತುರುಕಿಕೊಂಡಳು.

ಜೋಗಮ್ಮ ಕೇರಿಯವಳು, ಅರವತ್ತು ದಾಟಿದವಳು, ಗಂಡನನ್ನು ಎಂದೋ ಕಳೆದುಕೊಂಡವಳು. ಮಗಳು ಪ್ರಿಯಾ ಹಗರಿಬೊಮ್ಮನಹಳ್ಳಿಯಲ್ಲಿ ನರ್ಸು. ತಗಡಿನ ಸೂರಿನ ಜನತಾ ಮನೆಯನ್ನು ಕೆಡವಿಸಿ ಪ್ರಿಯಾ ಕಳೆದ ವರ್ಷವಷ್ಟೇ ಆರ್‌ಸಿಸಿ ಹಾಕಿಸಿದ್ದಳು. ಮೇಲೆ ಹತ್ತಲು ಮೆಟ್ಟಿಲು, ಮೆಟ್ಟಿಲ ಕೆಳಗೆ ನೀರಿನ ತೊಟ್ಟಿ, ಬಾಗಿಲಿಗೆ ನೀಲಿ ಬಣ್ಣ. ಜೋಗಮ್ಮ ದಿನಾ ಸಂಜೆ ಮಾಳಿಗೆಯ ಮೇಲೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದಳು. ಬದುಕಿನುದ್ದಕ್ಕೂ ಊರನ್ನು ಕೆಳಗಿನಿಂದ ನೋಡಿದ್ದವಳಿಗೆ ಮೇಲಿನಿಂದ ಅದು ಇಷ್ಟು ಸಣ್ಣದಾಗಿ ಕಾಣುತ್ತದೆಂದು ಗೊತ್ತೇ ಇರಲಿಲ್ಲ.

ರಸ್ತೆ ತಡೆಯ ದಿನ ಪಂಚಾಕ್ಷರಪ್ಪ ತಾನೇ ಕೇರಿಗೆ ಬಂದ. ಆತ ಕೇರಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. "ಇವತ್ತು ನನ್ನ ಹೊಲ, ನಾಳೆ ನಿಮ್ಮ ಮನಿ. ಎಲ್ಲಾರೂ ಒಂದಾಗ್ಬೇಕು" ಅಂದ. ಒಂದಾದರು. ಹೋರಾಟ ಸಮಿತಿಯವರು ಶಾಮಿಯಾನದ ನೆರಳಿನಲ್ಲಿ ಒಂದಾದರು, ಕೇರಿಯವರು ಡಾಂಬರಿನ ಮೇಲೆ ಬಿಸಿಲಿನಲ್ಲಿ ಒಂದಾದರು. ಪೊಲೀಸರು ಲಾಠಿ ಎತ್ತಿದ್ದರೆ ಮೊದಲು ತಾಗುವ ಜಾಗದಲ್ಲಿ ಜೋಗಮ್ಮನಂಥ ಮುದುಕಿಯರನ್ನು ಕೂರಿಸಿದ್ದರು. ಹೋಗುವಾಗ ಒಂದು ಕಾಗದಕ್ಕೆ ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡರು. ಏನು ಬರೆದಿದೆ ಎಂದು ಯಾರೂ ಓದಿ ಹೇಳಲಿಲ್ಲ.

ಕಂಪನಿ ಘೋಷಣೆಗೆ ಬಗ್ಗಲಿಲ್ಲ. ಒಂದು ಸೋಮವಾರ ಬೆಳಗ್ಗೆ ಊರೆದ್ದು ನೋಡಿದರೆ ಪಂಚಾಕ್ಷರಪ್ಪನ ಹೊಲದಲ್ಲಿ, ಟವರಿನ ಗೂಟ ಬಡಿದಿದ್ದ ಜಾಗದಲ್ಲೇ, ಒಂದು ಗದ್ದುಗೆ ಎದ್ದಿತ್ತು. ಮೊಣಕಾಲೆತ್ತರದ ಮಣ್ಣಿನ ಕಟ್ಟೆ, ಅದರ ಮೇಲೊಂದು ಗುಂಡನೆಯ ಕರಿಕಲ್ಲು, ಕಲ್ಲಿಗೆ ಗಟ್ಟಿಯಾಗಿ ಬಳಿದ ವಿಭೂತಿ, ಮೇಲೊಂದು ಕಾವಿ ಬಟ್ಟೆ. ಮುನ್ನೂರು ವರ್ಷದ ಹಿಂದೆ ಇಲ್ಲಿ ಐಕ್ಯನಾದ ಕರಿಗಲ್ಲಜ್ಜಯ್ಯನ ಗದ್ದುಗೆ ಇದು, ಗಿಡಗಂಟಿ ಬೆಳೆದು ಮುಚ್ಚಿಹೋಗಿತ್ತು, ಅಜ್ಜಯ್ಯ ಕನಸಿನಲ್ಲಿ ಬಂದು ತೋರಿಸಿದ ಎಂದು ಪಂಚಾಕ್ಷರಪ್ಪ ಕಣ್ಣೊರೆಸಿಕೊಂಡು ಹೇಳಿದ. ವರ್ಷಾ ವರ್ಷಾ ಕುಂಟೆ ಹೊಡೆದು ಶೇಂಗಾ ಬಿತ್ತಿದ ಹೊಲದಲ್ಲಿ ಯಾವ ಗಿಡ, ಯಾವ ಗಂಟಿ ಎಂದು ಕೇಳುವ ಬಾಯಿ ಒಂದೂ ಇರಲಿಲ್ಲ.

ಎಲ್ಲರೊಂದಿಗೆ ಜೋಗಮ್ಮನೂ ನೋಡಲು ಹೋದಳು. ಕೇರಿಯವರಿಗೆಂದು ಬಿಟ್ಟ ದೂರದಲ್ಲಿ ನಿಂತು ಕೈ ಮುಗಿಯಲು ಎತ್ತಿದವಳು ಕೈಯನ್ನು ಅರ್ಧಕ್ಕೇ ನಿಲ್ಲಿಸಿದಳು. ಕಲ್ಲಿನ ಎಡಬದಿಗೆ ಒಂದು ಚಕ್ಕೆ ಎದ್ದಿತ್ತು, ಉಗುರಿನಷ್ಟಗಲ.

ಆ ಚಕ್ಕೆ ಎಬ್ಬಿಸಿದವಳು ತಾನೇ. ಪಂಚಾಕ್ಷರಪ್ಪನ ತಾಯಿ ಬದುಕಿದ್ದಾಗ ಜೋಗಮ್ಮ ಇಪ್ಪತ್ತು ವರ್ಷ ಆ ಮನೆಯ ಹಿತ್ತಲಲ್ಲಿ ಖಾರ ಕುಟ್ಟಿದ್ದಳು. ವರ್ಷದ ಮೆಣಸಿನಕಾಯಿ, ಅರಿಶಿಣ, ಧನಿಯಾ, ಎಲ್ಲವನ್ನೂ ಇದೇ ಗುಂಡಿನಿಂದ, ಹಿತ್ತಲ ಒರಳಿನಲ್ಲಿ. ಒಣ ಪದಾರ್ಥಕ್ಕೆ ಮೈಲಿಗೆಯಿಲ್ಲ, ನೀರು ಸೋಕಿದ್ದಕ್ಕೆ ಮೈಲಿಗೆ ಎಂಬುದು ಮುದುಕಿಯ ಕಾನೂನು. ಒಣ ಖಾರ ಕುಟ್ಟಿ ಮೊರದಲ್ಲಿ ತುಂಬಿ ಬಾಗಿಲ ಹೊರಗಿಟ್ಟರೆ ಸೊಸೆ ಕೊಟ್ರಬಸಮ್ಮ ಬಂದು ಒಳಗೆ ಒಯ್ಯುತ್ತಿದ್ದಳು. ಒಳಗೆ ಅದಕ್ಕೆ ನೀರು ಬಿದ್ದು ಚಟ್ನಿಯಾಗುತ್ತಿತ್ತು, ಸಾರಾಗುತ್ತಿತ್ತು, ಮನೆಮಂದಿಯೆಲ್ಲ ಬೆವರು ಒರೆಸಿಕೊಳ್ಳುತ್ತಾ ಉಣ್ಣುತ್ತಿದ್ದರು. ಜೋಗಮ್ಮನಿಗೆ ಮಾತ್ರ ಕುಡಿಯುವ ನೀರು ಮೇಲಿನಿಂದ ಬೊಗಸೆಗೆ. ಪ್ರಿಯಾ ಹೊಟ್ಟೆಯಲ್ಲಿದ್ದ ವರ್ಷ ತಲೆ ಸುತ್ತಿ ಗುಂಡು ಕೈಜಾರಿ ಒರಳಿನ ಅಂಚಿಗೆ ಬಡಿದು ಚಕ್ಕೆ ಎದ್ದಾಗ ಮುದುಕಿ ಬೈದ ಬೈಗುಳ ಜೋಗಮ್ಮನಿಗೆ ಇಂದಿಗೂ ಬಾಯಿಪಾಠ. ಆಮೇಲೆ ಮುದುಕಿ ಸತ್ತಳು, ಊರಿಗೆ ಖಾರದ ಗಿರಣಿ ಬಂತು, ಗುಂಡು ಹಿತ್ತಲಲ್ಲಿ ಬಿದ್ದುಕೊಂಡಿತು. ಈಗ ನೋಡಿದರೆ ಕಾವಿ ಉಟ್ಟು ಕೂತಿದೆ.

"ಥೂ" ಎಂದಳು ಜೋಗಮ್ಮ, ಮೆಲ್ಲಗೆ. ಅದು ಕಲ್ಲಿಗೆ ಅಂದದ್ದಲ್ಲ.

ಹದಿನೈದು ದಿನಕ್ಕೆ ಲೈನು ತಿರುಗಿತು. ಸಮಿತಿಯವರು ಪಟಾಕಿ ಹೊಡೆದರು, ಪಂಚಾಕ್ಷರಪ್ಪನಿಗೆ ಹಾರ ಹಾಕಿ ಟ್ರ್ಯಾಕ್ಟರ್ ಮೇಲೆ ಮೆರೆಸಿದರು, ಜನಶಕ್ತಿಗೆ ಸಂದ ಜಯ ಎಂದು ಬ್ಯಾನರು ಕಟ್ಟಿದರು. ಆ ಬ್ಯಾನರಿನ ಕೆಳಗೇ ಹಾದು ಹಂಪೇಶ್ ಕೇರಿಗೆ ಬಂದು ಮೊದಲ ಗೂಟ ಬಡಿದ, ಜೋಗಮ್ಮನ ಮನೆಯಿಂದ ಆರು ಹೆಜ್ಜೆಗೆ.

"ತಂತಿ ಎರಡೂ ಕಡಿಗೆ ಒಂಬತ್ತ್ ಒಂಬತ್ತ್ ಮೀಟರ್ ಖಾಲಿ ಇರ್ಬೇಕ್ರಿ ಅವ್ವಾರ. ಏಳು ಮನಿ ಬರ್ತಾವ" ಎಂದ ಆತ, ನೆಲ ನೋಡುತ್ತಾ.

"ಬರ್ತಾವ ಅಂದ್ರ?"

"ಎತ್ತಬೇಕಾಗ್ತತಿ. ಪರಿಹಾರ ಕೊಡ್ತಾರ."

"ಅಲ್ಲಿ ಹೊಲ ಖಾಲಿ ಬಿದ್ದೈತಿ, ಇಲ್ಲಿ ಮಂದಿ ಅದಾರ. ಹೊಲ ಬಿಟ್ಟು ಮನಿ ಮ್ಯಾಲ ಯಾಕಪ್ಪ?"

"ಅಲ್ಲಿ ದೇವ್ರೈತ್ರಿ. ದೇವ್ರನ್ನ ಎತ್ತೋದು ಕಷ್ಟ. ಮನಿ ಎತ್ತಬೌದು."

ಪಾಪದ ಹುಡುಗ, ಮೇಲಿನವರು ಹೇಳಿದ್ದನ್ನು ಹೇಳಿದ. ಜೋಗಮ್ಮ ಆತನನ್ನು ಬೈಯಲಿಲ್ಲ. ನೆಟ್ಟಗೆ ಪಂಚಾಕ್ಷರಪ್ಪನ ಅಂಗಡಿಗೆ ಹೋಗಿ ಮೆಟ್ಟಿಲ ಕೆಳಗೆ ನಿಂತಳು. ಕೇರಿಯ ಉಳಿದ ಆರು ಮನೆಯವರೂ ಹಿಂದಿದ್ದರು. "ಸಾವ್ಕಾರ್ರ, ನಮ್ಮನಿ ಮ್ಯಾಲ ಬಂತಲ್ರಿ. ಹೋರಾಟ ಯಾವಾಗ?" ಎಂದಳು.

ಪಂಚಾಕ್ಷರಪ್ಪ ಹಲ್ಲು ಚುಚ್ಚಿಕೊಳ್ಳುತ್ತಿದ್ದ. ಮೊನ್ನೆ ಮೊನ್ನೆ ಎಮ್ಮೆಯ ಗರ್ಭಕ್ಕಾಗಿ ಮೈಕಿನಲ್ಲಿ ಕೂಗಿದ್ದ ಮನುಷ್ಯ ಈಗ ನಿಧಾನಕ್ಕೆ ಕಡ್ಡಿ ಬಿಸಾಡಿ, "ಏನ್ ಮಾಡೋದು ಜೋಗವ್ವ, ದೇಶಕ್ಕ ಕರೆಂಟ್ ಬೇಕಲ್ಲ. ಎಲ್ಲಾದಕ್ಕೂ ಬ್ಯಾಡ ಅಂದ್ರ ಊರು ಉದ್ಧಾರ ಆಗಾದು ಹೆಂಗ? ಪರಿಹಾರ ತಗಂಡು ಆ ಗುಡ್ಡದ ಕಡಿಗೆ ಚೊಲೋ ಗಾಳಿ ಬರೋ ಜಾಗದಾಗ ಮನಿ ಕಟ್ಕ್ಯಳ್ರಿ" ಅಂದ.

"ಬಸಿರು ಇಳೀತಾವ ಅಂದಿದ್ರಿ."

"ಅದು ಅಂಗ ಭಾಷಣಕ್ಕ ಅನ್ನೋದು. ವಿಜ್ಞಾನಿಗಳು ಏನೂ ಆಗಲ್ಲ ಅಂತಾರ."

ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅಂತಾರಲ್ಲ, ಈತ ಆ ಬದನೆಕಾಯಿಯ ತೊಟ್ಟನ್ನೂ ಬಿಡದ ಗಿರಾಕಿ. ಜೋಗಮ್ಮ ಮಾತು ಬೆಳೆಸಲಿಲ್ಲ. ಇಂಥವರ ಜೊತೆ ಜಗಳವಾಡಿದರೆ ನಮ್ಮ ಬಾಯಿಯೇ ಹೊಲಸಾಗುತ್ತದೆ ಎಂದು ತಿರುಗಿ ಬಂದಳು.

ಅವಳ ತಮ್ಮನ ಮಗ ಕ್ರಾಂತಿಕುಮಾರ್ ಕೊಟ್ಟೂರಿನಲ್ಲಿ ಹೈಸ್ಕೂಲು ಮಾಸ್ತರ. ಆತ ಕಚೇರಿಗೆ ಅಲೆದು, ಲೈನು ತಿರುಗಿಸಲು ಪಂಚಾಕ್ಷರಪ್ಪ ಕೊಟ್ಟಿದ್ದ ಆಕ್ಷೇಪಣೆಯ ನಕಲು ತಂದು ಅತ್ತೆಯ ಮುಂದೆ ಓದಿದ. ಪ್ರಮಾಣ ಮಾಡಿ ಬರೆದುಕೊಟ್ಟ ಕಾಗದ ಅದು. ಸದರಿ ಗದ್ದುಗೆಯನ್ನು ಗ್ರಾಮದ ಹದಿನೆಂಟು ಜಾತಿಯವರೂ ಯಾವುದೇ ಭೇದವಿಲ್ಲದೆ ತಲೆತಲಾಂತರದಿಂದ ಪ್ರತಿ ಅಮಾವಾಸ್ಯೆ ಪೂಜಿಸುತ್ತಾ, ಎಡೆ ಹಿಡಿಯುತ್ತಾ ಬಂದಿರುತ್ತಾರೆ ಎಂದಿತ್ತು. ಕೆಳಗೆ ಊರವರ ಸಹಿಗಳು, ಕೇರಿಯವರ ಹೆಬ್ಬೆಟ್ಟುಗಳು. ರಸ್ತೆ ತಡೆಯ ದಿನದ ಕಾಗದದ ಹಾಳೆಗಳನ್ನೇ ಇದಕ್ಕೆ ಅಂಟಿಸಿದ್ದರು.

"ಅತ್ತಿ, ಅದು ಖಾರ ಕುಟ್ಟೋ ಗುಂಡು ಅಂತ ನೀ ಬರಕೊಡು. ಒಂದ ದಿನದಾಗ ಬಣ್ಣ ಬಯಲಾಗ್ತತಿ" ಎಂದ ಕ್ರಾಂತಿಕುಮಾರ್.

"ಮಾಸ್ತರಾಗಿ ಇಷ್ಟ ಏನ್ಲೇ ನಿನ್ನ ಬುದ್ಧಿ? ನಾ ಹೇಳಿದ್ರ ದೇವ್ರಿಗೆ ಬೈದ್ಲು ಅಂತ ಊರು ಕೇರಿ ಮ್ಯಾಲ ಬೀಳ್ತತಿ. ಗುಂಡು ಅಂತ ಆತನ ಬಾಯಾಗ ಬರ್ಬೇಕು. ಆತನ ಬಾಯಾಗ ಬರಸ್ತೀನಿ, ನೋಡ್ತಿರು."

"ಹೆಂಗ?"

"ಅಮಾಸಿ ಯಾವತ್ತು ಬರ್ತತಿ?"

ಅಮಾವಾಸ್ಯೆಯ ದಿನ ಏಳು ಮನೆಯ ಹೆಂಗಸರು ತಲೆಸ್ನಾನ ಮಾಡಿ, ಹೋಳಿಗೆ ಮಾಡಿ, ತಟ್ಟೆಯಲ್ಲಿ ಎಡೆ ಹಿಡಿದು, ಮುಂದೆ ಒಂದು ಹಲಗೆ ಬಡಿಸಿಕೊಂಡು ಊರ ನಡುವಿನ ದಾರಿಯಲ್ಲೇ ಗದ್ದುಗೆಗೆ ಹೊರಟರು. ಜೋಗಮ್ಮ ನೇರವಾಗಿ ಕಟ್ಟೆಯ ಬಳಿ ಹೋಗಿ, ಕಲ್ಲಿನ ಮೇಲೆ ಕೊಡ ಬಗ್ಗಿಸಿ, ಹಳೆಯ ಪರಿಚಯದವರ ಬೆನ್ನು ತಿಕ್ಕುವ ಹಾಗೆ ತಿಕ್ಕಿ ತೊಳೆದಳು. ಸುದ್ದಿ ತಿಳಿದು ಪಂಚಾಕ್ಷರಪ್ಪ ಪಂಚೆ ಎತ್ತಿಕಟ್ಟಿ ಓಡಿಬಂದ.

"ಏ ಜೋಗವ್ವ! ಯಾರು ಮುಟ್ಟಂದ್ರು ನಿನಗ? ಇಳಿ ಕೆಳಗ!"

"ನೀವ ಬರಕೊಟ್ಟೀರಲ್ರಿ ಸಾವ್ಕಾರ್ರ. ಹದಿನೆಂಟು ಜಾತಿ ಭೇದ ಇಲ್ದಂಗ ಪೂಜಿ ಮಾಡ್ತತಿ ಅಂತ. ನನ್ನ ಹೆಬ್ಬಟ್ಟೂ ಐತಿ ಅದ್ರಾಗ. ನೀವು ಪ್ರಮಾಣ ಮಾಡಿದ ಕಾಗ್ದ ಸುಳ್ಳಾಗಬಾರ್ದು ಅಂತ ಬಂದೀವಿ." ಅವಳು ರಸ್ತೆಯ ಕಡೆ ಗೋಣು ತಿರುಗಿಸಿದಳು. ಅಲ್ಲಿ ಹಂಪೇಶ್ ಬೈಕು ನಿಲ್ಲಿಸಿ ನೋಡುತ್ತಿದ್ದ. "ಸುಳ್ಳು ಅನ್ನದಾದ್ರ ಅಗಾ, ಕಂಪ್ನಿಯಾತ ಅಲ್ಲೇ ನಿಂತಾನ, ಹೇಳಿಬಿಡ್ರಿ."

ಬಿಸಿತುಪ್ಪ ನುಂಗಲೂ ಆಗದು, ಉಗುಳಲೂ ಆಗದು. ಪಂಚಾಕ್ಷರಪ್ಪ ಎತ್ತಿಕಟ್ಟಿದ್ದ ಪಂಚೆಯನ್ನು ಇಳಿಬಿಟ್ಟ. ಕೊನೆಗೆ ಕೈ ಮುಗಿದ. ಯಾರಿಗೆ ಮುಗಿದನೋ ಅವನಿಗೂ ಗೊತ್ತಿರಲಿಲ್ಲ.

ಅಂದಿನಿಂದ ಜೋಗಮ್ಮ ದಿನಾ ಬೆಳಗ್ಗೆ ಗದ್ದುಗೆಯ ಮುಂದೆ ಕೂತಳು. ಬಂದವರಿಗೆ ತೀರ್ಥ ಕೊಟ್ಟಳು, ವಿಭೂತಿ ಕೊಟ್ಟಳು, ಕಷ್ಟ ಕೇಳಿದಳು. ಮೊದಮೊದಲು ಕೇರಿಯವರಷ್ಟೇ ಬರುತ್ತಿದ್ದರು. ಆಮೇಲೆ ಪಕ್ಕದ ಅರಸೀಕೆರೆಯ ಒಬ್ಬ ಮುದುಕ, ಕಳೆದುಹೋದ ಎಮ್ಮೆ ಹುಡುಕುತ್ತಾ ಈ ದಾರಿಯಲ್ಲಿ ಬಂದವನು, ಸುಮ್ಮನೆ ಕಾಯಿ ಒಡೆದು ಹೋದ. ಸಂಜೆ ಎಮ್ಮೆ ತಾನಾಗಿಯೇ ಮನೆಗೆ ಬಂದಿತ್ತು. ಹಸಿದ ಎಮ್ಮೆ ಸಂಜೆ ಮನೆಗಲ್ಲದೆ ಮತ್ತೆಲ್ಲಿಗೆ ಬರುತ್ತದೆ? ಆದರೆ ಜನಕ್ಕೆ ಅಷ್ಟು ಸಾಕು. ಹಡಗಲಿಯ ಕಡೆಯಿಂದ ಟಂಟಂ ಗಾಡಿ ಮಾಡಿಕೊಂಡು ಬಂದರು. ಮೈಲಾರಕ್ಕೆ ಹೋಗಿಬರುವವರು ಇಲ್ಲೂ ಇಳಿದು ಹೋದರು. ಯಾರೋ ಗಂಟೆ ಕಟ್ಟಿದರು, ಯಾರೋ ತಗಡಿನ ನೆರಳು ಹಾಕಿಸಿದರು, ರಸ್ತೆಯ ಬದಿಗೆ ಎರಡು ಕಾಯಿ ಅಂಗಡಿ ಬಂದವು. ಶ್ರಾವಣದ ಹೊತ್ತಿಗೆ ಅಮಾವಾಸ್ಯೆಗೆ ಐನೂರು ಜನ ಸೇರುತ್ತಿದ್ದರು. ಶೇಂಗಾ ಬಿತ್ತುವ ಮಾತಿರಲಿ, ಹೊಲದಲ್ಲಿ ಹುಲ್ಲೂ ಉಳಿಯಲಿಲ್ಲ.

ಕೇರಿಯ ದ್ಯಾಮಕ್ಕನಿಗೂ ದೇವರು ನಿಜವೆನ್ನಿಸತೊಡಗಿತು. "ಹರಕಿ ಹೊತ್ತಮ್ಯಾಲ ನನ್ನ ಮೊಣಕಾಲು ನೋವು ಹೋತು ನೋಡಕ್ಕ" ಎಂದು ಗಲ್ಲ ಬಡಿದುಕೊಂಡಳು. ಅದು ಪ್ರಿಯಾ ತಂದುಕೊಟ್ಟ ಗುಳಿಗೆಯ ಗುಣವೆಂದು ಹೇಳಿದರೂ ಕೇಳಲಿಲ್ಲ. ಜೋಗಮ್ಮನಿಗೆ ಅವಳ ಮೇಲೂ ಸಿಟ್ಟು ಬಂತು. ಕ್ರಾಂತಿಕುಮಾರನಿಗಂತೂ ಮುಖ ಎತ್ತಲಾಗದಷ್ಟು ನಾಚಿಕೆ.

"ಅತ್ತಿ, ನಾವು ಬುದ್ಧನ ದಾರಿ ಹಿಡದವ್ರು. ಸಾಲ್ಯಾಗ ಹುಡುಗ್ರು ಕೇಳ್ತಾರ, ನಿಮ್ಮತ್ತಿ ಪೂಜಾರಿ ಏನ್ರಿ ಸರ ಅಂತ."

"ನಾ ಎಲ್ಲಿ ದೇವ್ರಿಗೆ ಪೂಜಿ ಮಾಡೀನಿ? ಗುಂಡು ತೊಳಿಯಾಕ ಹತ್ತೀನಿ. ಇಪ್ಪತ್ತು ವರ್ಷ ಅದನ್ನ ಮಾಡೀನಿ. ಅದಕ್ಕ ನಿನ್ನ ಬುದ್ಧ ಬ್ಯಾಸರ ಮಾಡ್ಕ್ಯಳಂಗಿಲ್ಲ."

ಒಂದು ದಿನ ಪಂಚಾಕ್ಷರಪ್ಪನ ಹೆಂಡತಿ ಕೊಟ್ರಬಸಮ್ಮ ಬಂದಳು. ಗಂಡನಿಗೆ ಹೇಳದೆ, ತಲೆಯ ಮೇಲೆ ಸೆರಗು ಹೊದ್ದು, ಜನ ಕಡಿಮೆಯಿದ್ದ ಹೊತ್ತು ನೋಡಿ ಬಂದವಳು ಕಲ್ಲನ್ನೇ ಬಹಳ ಹೊತ್ತು ನೋಡಿದಳು. ಅವಳ ಕಣ್ಣೂ ಆ ಚಕ್ಕೆಯ ಮೇಲೆ ನಿಂತಿತು. "ಜೋಗವ್ವ, ಇದು ನಮ್ಮತ್ತಿ..." ಎಂದು ಶುರುಮಾಡಿ ನಿಲ್ಲಿಸಿದಳು.

"ಹೂನ್ರಿ ಅಮ್ಮಾರ."

ಕೊಟ್ರಬಸಮ್ಮನ ಹೊಟ್ಟೆ ಅಲುಗಿತು, ಭುಜ ಅಲುಗಿತು, ಕೊನೆಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಕೈಯೊಡ್ಡಿದಳು. ಜೋಗಮ್ಮ ಒಂದು ಗಳಿಗೆ ಅನುಮಾನಿಸಿ ಉದ್ಧರಣೆಯಿಂದ ತೀರ್ಥ ಹಾಕಿದಳು. ಕೊಟ್ರಬಸಮ್ಮ ಅದನ್ನು ತಲೆಗೆ ಸವರಿಕೊಳ್ಳಲಿಲ್ಲ, ಕುಡಿದಳು. "ಖಾರ ಐತಿ" ಎಂದು ಹೇಳಿ ಎದ್ದುಹೋದಳು.

ಏಜೆಂಟ್ ಬಂಗಾರಪ್ಪ ಬಂದು ನೋಡಿ ತಲೆ ಕೊಡವಿದ. "ಹೊಲದ ನಡುವ ದೇವ್ರು ಕುಂತೈತಿ, ಸುತ್ತಾ ಜನ ಕುಂತಾರ, ಪೂಜಾರಿ ಆಕಿ ಅದಾಳ. ನಾ ಯಾವ ಸೈಟು ತೋರ್ಸಿ ಯಾರಿಗೆ ಮಾರ್ಲಿ ಸಾವ್ಕಾರ್ರ?" ಎಂದು ಹರಪನಹಳ್ಳಿಗೆ ಹೋದವನು ಆಮೇಲೆ ಫೋನೂ ಎತ್ತಲಿಲ್ಲ. ಅಷ್ಟು ಹೊತ್ತಿಗೆ ಕೇರಿಯಲ್ಲಿ ಏಳೂ ಮನೆಯ ಗೋಡೆಗಳಿಗೆ ಕೆಂಪು ಬಣ್ಣದ ನಂಬರು ಬಿದ್ದಿತ್ತು. ಜೋಗಮ್ಮನ ನೀಲಿ ಬಾಗಿಲಿನ ಪಕ್ಕ ಮೂರು ಎಂದು ಬರೆದಿದ್ದರು. ಪ್ರಿಯಾ ರಜೆ ಹಾಕಿ ಬಂದು ಆ ಮೂರನ್ನು ನೋಡಿ ಗೋಡೆಗೆ ಒರಗಿ ಅತ್ತಳು. "ಯವ್ವಾ, ಒಂದು ವರ್ಷಾನೂ ಇರ್ಲಿಲ್ಲಲ್ಲವ್ವ ನಾವು ಈ ಮನ್ಯಾಗ" ಎಂದಳು. ಜೋಗಮ್ಮ ಆ ಸಂಜೆ ಮಾಳಿಗೆ ಹತ್ತಲಿಲ್ಲ. ತನ್ನ ಆಟ ಸೋತರೆ ಮಗಳ ಮುಖವನ್ನು ಹೇಗೆ ನೋಡುವುದು ಎಂಬ ಭಯ ಮೊದಲ ಸಲ ಬಂತು.

ಕ್ರಾಂತಿಕುಮಾರ್ ಹಾಕಿದ್ದ ತಕರಾರು ಅರ್ಜಿಯ ಮೇಲೆ ಉಪವಿಭಾಗಾಧಿಕಾರಿ ಮೇಡಂ ಸ್ಥಳ ಪರಿಶೀಲನೆಗೆ ಬಂದದ್ದು ಭಾದ್ರಪದದ ಅಮಾವಾಸ್ಯೆಯ ದಿನ. ಹೊಲದ ತುಂಬ ಜನ. ಮೇಡಂ ಚಪ್ಪಲಿ ಬಿಟ್ಟು ಬಂದು, ಜೋಗಮ್ಮನ ಕೈಯಿಂದ ವಿಭೂತಿ ತೆಗೆದುಕೊಂಡು, ಕಡತ ಬಿಚ್ಚಿದರು.

"ಪಂಚಾಕ್ಷರಪ್ಪನವರೇ, ಈ ಗದ್ದುಗೆ ಇರುವ ಕಾರಣಕ್ಕೆ ಲೈನು ತಿರುಗಿಸಲಾಗಿದೆ. ಇದು ಸಾರ್ವಜನಿಕ ಪೂಜಾ ಸ್ಥಳ ಎಂದು ನೀವೇ ಪ್ರಮಾಣ ಮಾಡಿದ್ದೀರಿ. ಜನವನ್ನು ನೋಡಿದರೆ ಹೌದು ಅನಿಸುತ್ತದೆ. ಹಾಗಿದ್ದರೆ ಗದ್ದುಗೆ, ಬಂದುಹೋಗುವ ದಾರಿ, ಜನ ಕೂರುವ ಜಾಗ ಸೇರಿ ಒಂದೂವರೆ ಎಕರೆಯನ್ನು ಪಹಣಿಯಲ್ಲಿ ಸಾರ್ವಜನಿಕ ಎಂದು ಏರಿಸಬೇಕಾಗುತ್ತದೆ. ಪೂಜೆ ಯಾರದು?"

"ಜೋಗವ್ವಂದ್ರಿ!" ಎಂದು ನೂರು ಬಾಯಿ ಕೂಗಿದವು.

"ಹಾಗಾದರೆ ಪೂಜೆಯ ಹಕ್ಕು ಜೋಗಮ್ಮನವರ ಹೆಸರಿಗೆ ಬರೆಯೋಣ. ನೀವು ಇಲ್ಲಿ ಒಪ್ಪಿಗೆ ಸಹಿ ಹಾಕಿ."

ಪೆನ್ನು ಕೈಗೆ ಬಂತು. ಪಂಚಾಕ್ಷರಪ್ಪ ಕಾಗದ ನೋಡಿದ, ಹೊಲ ನೋಡಿದ, ಕಟ್ಟೆಯ ಮೇಲೆ ಕಾಲು ಮಡಚಿ ಕೂತಿದ್ದ ಜೋಗಮ್ಮನನ್ನು ನೋಡಿದ. ಹೊಲ ಹೋದರೂ ಆತ ತಡೆದುಕೊಳ್ಳುತ್ತಿದ್ದನೇನೋ. ತನ್ನ ಹೊಲದಲ್ಲಿ ಅವಳ ಹೆಸರು ಕಾಗದಕ್ಕೆ ಏರುವುದನ್ನು ತಡೆದುಕೊಳ್ಳುವ ಶಕ್ತಿ ಆತನ ವಂಶದಲ್ಲೇ ಇರಲಿಲ್ಲ.

"ದೇವ್ರಲ್ರೀ ಅದು!" ಎಂದು ಕಿರುಚಿದ. "ನಮ್ಮನಿ ಖಾರ ಕುಟ್ಟೋ ಗುಂಡು! ನಾನ ತಂದು ಇಟ್ಟೀನಿ! ಲೈನ್ ತಪ್ಪಸಾಕ ಇಟ್ಟೀನ್ರೀ!"

ಹಲಗೆಯ ಸದ್ದು ನಿಂತಿತು. ಕಾಯಿ ಒಡೆಯಲು ಎತ್ತಿದವನ ಕೈ ಮೇಲೆಯೇ ಉಳಿಯಿತು. ಮೇಡಂ ಕನ್ನಡಕ ತೆಗೆದರು. "ಮುನ್ನೂರು ವರ್ಷದ ಗದ್ದುಗೆ ಎಂದು ಬರೆದುಕೊಟ್ಟವರೂ ನೀವೇ, ಈಗ ಗುಂಡು ಎನ್ನುವವರೂ ನೀವೇ. ನಿಮ್ಮ ಯಾವ ಮಾತು ನಂಬಲಿ? ಇದು ನಿಮ್ಮ ಮನೆಯ ಗುಂಡು ಎಂದು ಹೇಳುವ ಸಾಕ್ಷಿ ಯಾರಿದ್ದಾರೆ?"

ಪಂಚಾಕ್ಷರಪ್ಪ ಹೆಂಡತಿಯ ಕಡೆ ತಿರುಗಿದ. ಕೊಟ್ರಬಸಮ್ಮ ದೂರದ ಗಾಳಿಯಂತ್ರಗಳ ಕಡೆ ಮುಖ ಮಾಡಿ ನಿಂತಿದ್ದಳು. "ನಂಗೇನ್ ಗೊತ್ತು? ನಾ ಏನು ಖಾರ ಕುಟ್ಟಿದಾಕಿ ಏನು?" ಅಂದಳು.

ಉಳಿದವಳು ಒಬ್ಬಳೇ. ಇದು ಆತನಿಗೆ ತಿಳಿಯಲು ಕೊಂಚ ಹೊತ್ತು ಹಿಡಿಯಿತು. ತಿಳಿದ ಮೇಲೆ ಆತನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಐನೂರು ಜನರ ಎದುರಿಗೆ, ಕಟ್ಟೆಯ ಕೆಳಗೆ ನಿಂತು, "ಜೋಗವ್ವ... ನೀನಾದ್ರೂ ಹೇಳವ್ವ. ನಿನಗ ಗೊತ್ತೈತಲ್ಲ" ಎಂದ.

"ಹೇಳ್ತೀನ್ರಿ ಸಾವ್ಕಾರ್ರ. ಮದ್ಲ ನೀವು ಒಂದೆರಡು ಮಾತು ಹೇಳ್ರಿ. ಈ ಗುಂಡು ಹಿಡದು ಇಪ್ಪತ್ತು ವರ್ಷ ಕುಟ್ಟಿದಾಕಿ ಯಾರು?"

"ನೀನ."

"ಜೋರಾಗಿ ಹೇಳ್ರಿ, ಮೇಡಮ್ಮಾರಿಗೆ ಕೇಳ್ಬೇಕು."

"ನೀನ ಜೋಗವ್ವ!"

"ನಾ ಕುಟ್ಟಿದ್ದನ್ನ ಉಂಡೋರು ಯಾರು?"

"ನಾವ."

ಜೋಗಮ್ಮ ಎದ್ದಳು. ಕಾವಿ ಬಟ್ಟೆ ತೆಗೆದು ಮಡಚಿ ಪಕ್ಕಕ್ಕಿಟ್ಟು, ಕಲ್ಲನ್ನು ಕಿತ್ತು, ವಿಭೂತಿಯನ್ನು ಸೆರಗಿನಿಂದ ಒರೆಸಿದಳು. ಚಕ್ಕೆ ಎದ್ದ ಜಾಗ ತೋರಿಸಿದಳು. ಅದರ ಮೇಲುಗಡೆ ಸವೆದು ಬಿದ್ದಿದ್ದ ಒಂದು ಗುಣಿಯನ್ನೂ ತೋರಿಸಿ ಅದರಲ್ಲಿ ತನ್ನ ಹೆಬ್ಬೆರಳಿಟ್ಟಳು. ಬೆರಳು ಸರಿಯಾಗಿ ಕೂತಿತು. "ಒರಳು ಇವ್ರ ಹಿತ್ತಲ್ದಾಗ ಇನ್ನೂ ಐತ್ರಿ ಮೇಡಮ್ಮಾರ. ಬೇಕಾದ್ರ ತಂದು ಕೂರ್ಸಿ ನೋಡ್ರಿ. ದೇವ್ರನ್ನ ಎತ್ತೋದು ಕಷ್ಟ ಅಂದಿದ್ರು. ನೋಡ್ರಿ, ಎತ್ತೀನಿ." ಗುಂಡನ್ನು ಸೊಂಟದ ಮೇಲೆ ಇಟ್ಟುಕೊಂಡು ಅವಳು ಕಟ್ಟೆ ಇಳಿದಳು. ತಡೆಯುವ ಧೈರ್ಯ ಯಾರಿಗೂ ಆಗಲಿಲ್ಲ.

ಗದ್ದುಗೆಯ ಕತೆ ಸುಳ್ಳೆಂದು ಮೇಡಂ ಅಲ್ಲೇ ಕೂತು ಬರೆಸಿದರು. ಪಂಚಾಕ್ಷರಪ್ಪ ತನ್ನದೇ ಸುಳ್ಳಿನ ಕೆಳಗೆ ತಾನೇ ಸಹಿ ಹಾಕಿದ. ಅರಸೀಕೆರೆಯ ಮುದುಕ ಮಾತ್ರ ಬರಿದಾದ ಕಟ್ಟೆಯಿಂದ ಒಂದು ಚಿಟಿಕೆ ಮಣ್ಣು ತೆಗೆದು ಹಣೆಗೆ ಹಚ್ಚಿಕೊಂಡು, "ಗುಂಡಾದ್ರೇನು, ನಮ್ಮೆಮ್ಮಿ ಸಿಕ್ಕೈತಿ" ಎಂದು ಹೊರಟುಹೋದ.

ದೀಪಾವಳಿ ಮುಗಿಯುವ ಹೊತ್ತಿಗೆ ಕೇರಿಯ ಗೂಟಗಳನ್ನು ಕಿತ್ತರು. ಮೂರೆಕರೆ ಹೊಲದ ನಟ್ಟನಡುವೆ, ಹಳೆಯ ಜಾಗದಲ್ಲೇ, ಟವರಿಗೆ ಗುಂಡಿ ತೋಡಿದರು. ಪ್ರಿಯಾ ಗೋಡೆಯ ಮೇಲಿನ ಮೂರನ್ನು ತಾನೇ ಸುಣ್ಣ ಬಳಿದು ಅಳಿಸಿದಳು.

ಟವರಿನ ಕಾಲುಗಳು ಏಳುತ್ತಿದ್ದಾಗ ಒಂದು ಮಧ್ಯಾಹ್ನ ಪಂಚಾಕ್ಷರಪ್ಪ ಮತ್ತೆ ಕೇರಿಗೆ ಬಂದ. ಹೆಗಲ ಮೇಲೆ ಅದೇ ಶಾಲು, ಜೊತೆಗೆ ಸಮಿತಿಯ ಇಬ್ಬರು. ನಾಚಿಕೆಯನ್ನು ಆತ ಮನೆಯಲ್ಲೇ ಬಿಟ್ಟು ಬಂದಿದ್ದ, ಅಥವಾ ಅದು ಆತನ ಮನೆಯಲ್ಲಿ ಎಂದೂ ಇರಲೇ ಇಲ್ಲ. ಜೋಗಮ್ಮ ಮಾಳಿಗೆಯ ಮೆಟ್ಟಿಲ ಬುಡದಲ್ಲಿ ಕೂತು ಚಪ್ಪಡಿಯ ಮೇಲೆ ಅದೇ ಗುಂಡಿನಿಂದ ಕೆಂಪು ಮೆಣಸಿನಕಾಯಿ ಚಟ್ನಿ ಅರೆಯುತ್ತಿದ್ದಳು. ಮಿಕ್ಸರ್ ಒಳಗಿತ್ತು. ಆದರೆ ಗುಂಡು ಮನೆಗೆ ಬಂದಮೇಲೆ ಅವಳು ಮಿಕ್ಸರನ್ನು ಮುಟ್ಟಿರಲಿಲ್ಲ.

"ಆದದ್ದು ಆತು ಜೋಗವ್ವ. ಮರ್ತುಬಿಡು. ಈ ಲೈನು ಯಾರಿಗೂ ಚೊಲೋದಲ್ಲ, ಎಮ್ಮಿ ಗಬ್ಬ ನಿಲ್ಲಂಗಿಲ್ಲ. ಸೋಮಾರ ರಸ್ತೆ ತಡೆ ಇಟ್ಕಂಡೀವಿ. ನಿಮ್ಮ ಮಂದೆಲ್ಲ ಬಂದು ಮುಂದ ಕುಂದ್ರಬೇಕು. ಒಂದ ಊರಿನೋರು ನಾವು, ಭೇದ ಯಾಕ?"

"ಭೇದ ಇಲ್ಲ ಅಂತೀರಾ?"

"ಯಾವ ಭೇದ? ಆ ಕಾಲ ಹೋತು."

"ಹಂಗಾದ್ರ ಕುಂದ್ರಿ" ಎಂದಳು ಜೋಗಮ್ಮ. ಒಳಗೆ ಹೋಗಿ ಬಿಸಿ ಜೋಳದ ರೊಟ್ಟಿ ತಂದಳು. ಅದರ ಮೇಲೆ ಈಗಷ್ಟೇ ಅರೆದ ಚಟ್ನಿಯನ್ನು ಬೆರಳಿನಿಂದ ಬಳಿದು, ಮೇಲೆ ಶೇಂಗಾ ಎಣ್ಣೆ ಬಿಟ್ಟು, ತಟ್ಟೆಯನ್ನು ಆತನ ಮುಂದೆ ಚಾಚಿದಳು.

ಪಂಚಾಕ್ಷರಪ್ಪ ಹಸಿ ಚಟ್ನಿಯನ್ನು ನೋಡಿದ. ಜೊತೆಗೆ ಬಂದ ಇಬ್ಬರು ತನ್ನನ್ನು ನೋಡುತ್ತಿರುವುದನ್ನೂ ನೋಡಿದ. ಕೈ ಮೇಲೇಳಲಿಲ್ಲ. "ಈಗ ಉಂಡು ಬಂದೀನಿ ಜೋಗವ್ವ" ಎಂದ.

"ಗುಂಡು ಅದ ಐತ್ರಿ ಸಾವ್ಕಾರ್ರ. ಕೈಯೂ ಅದ. ಇಪ್ಪತ್ತು ವರ್ಷ ಉಂಡೀರಿ. ಇವತ್ತು ನೀರು ನಾನ ಹಾಕೀನಿ, ಅಷ್ಟ ಫರಕು."

ಆತ ಶಾಲು ಸರಿಮಾಡಿಕೊಂಡು ಎದ್ದ. ಸೋಮವಾರದ ಮಾತು ಮತ್ತೆ ಎತ್ತಲಿಲ್ಲ. ಕೇರಿಯ ತಿರುವು ದಾಟುವ ತನಕ ಜೋಗಮ್ಮ ಆತನ ಬೋಳು ತಲೆಯನ್ನು ನೋಡಿದಳು, ಆಮೇಲೆ ತಟ್ಟೆ ಹಿಡಿದು ಮಾಳಿಗೆ ಹತ್ತಿ, ರೊಟ್ಟಿ ಆರುವ ಮೊದಲು ತಾನೇ ತಿಂದಳು.